ನೋಡಿದ ಮೇಲಷ್ಟೇ ಸಹಿ

ಅವರು ಸಹಿ ಹಾಕುವುದನ್ನು ನೋಡಲಿಕ್ಕೆ ತಾಳ್ಮೆ ಬೇಕಿತ್ತು. ಮೊದಲು ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿಕೊಳ್ಳುವರು. ಆಮೇಲೆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದುವರು. ಓದಿದ್ದನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟು, ಎದುರಿಗಿದ್ದವರ ಮುಖ ನೋಡಿ ಕೇಳುವರು: "ಇದನ್ನ ನಾ ನೋಡೀನೇನ್ರಿ?" ನೋಡಿದ್ದರೆ ಜೇಬಿನಿಂದ ಪೆನ್ನು ಹೊರಬರುತ್ತಿತ್ತು. ನೋಡಿರದಿದ್ದರೆ ಸಾಕ್ಷಾತ್ ಕಲೆಕ್ಟರ್ ಬಂದು ನಿಂತರೂ ಬರುತ್ತಿರಲಿಲ್ಲ. ಬೀದರಿನ ನಮ್ಮ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಅವರಿಗೆ ಹುಡುಗರು ಇಟ್ಟ ಹೆಸರು 'ನೋಡೀನೇನು ಸರ್'. ಶಿಕ್ಷಕರ ಕೋಣೆಯಲ್ಲಿ ನಾವೂ ಹಾಗೆಯೇ ಅನ್ನುತ್ತಿದ್ದೆವು, ಅವರು ಇಲ್ಲದಾಗ ಮಾತ್ರ.

ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿಯಾದರೂ ಅಚ್ಚಾಗುವುದಿದ್ದರೆ, ಅದು ಚರ್ಚಿನ ವಾರ್ಷಿಕ ವರದಿಯೇ ಆಗಿರಲಿ, ಮೊದಲು ತಾವು ಪೂರ್ತಿ ಓದಿ ನೋಡುತ್ತಿದ್ದರು. ಈಗ ಓದಿ ನೋಡಲಿಕ್ಕೆ ಅವರಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಅವರ ಈ ಸ್ವಭಾವದ ಬಿಸಿ ನನಗೆ ತಾಗಿದ್ದು ನೌಕರಿ ಸೇರಿದ ಎರಡನೆಯ ವರ್ಷ. ನಾನು ಇಂಗ್ಲಿಷ್ ಮಾಸ್ತರ. ಹೆಡ್ಮಾಸ್ತರರು ರಜೆಯಲ್ಲಿದ್ದರು, ಚಾರ್ಜು ಇವರ ಕೈಯಲ್ಲಿತ್ತು. ಭಾಲ್ಕಿಯಲ್ಲಿ ನನ್ನ ಹೆಂಡತಿಯ ತಮ್ಮನ ನಿಶ್ಚಯ. ರಜೆ ಉಳಿದಿರಲಿಲ್ಲವೆಂದು 'ವಿಪರೀತ ಜ್ವರ' ಎಂದು ಚೀಟಿ ಬರೆದು ಕಳಿಸಿ ಹೊರಟುಬಿಟ್ಟೆ. ಮಧ್ಯಾಹ್ನ ಎರಡನೆಯ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದೇನೆ, ಸಾಲಿನ ಕೊನೆಯ ಎಲೆಯ ಮುಂದೆ ಇವರು ಕೂತಿದ್ದಾರೆ! ನನ್ನ ಜ್ವರ ನೋಡಲಿಕ್ಕೆಂದು ಮೋಸಂಬಿ ಹಿಡಿದು ನಮ್ಮ ಮನೆಗೆ ಹೋಗಿದ್ದರಂತೆ. ಪಕ್ಕದ ಮನೆಯವರು ಭಾಲ್ಕಿ ಎಂದಿದ್ದಾರೆ. ಸೀದಾ ಬಸ್ಸು ಹತ್ತಿದ್ದಾರೆ.

"ಜ್ವರ ಹ್ಯಾಂಗದರೀ ಮಾಸ್ತರ?" ಎಂದರು.

ನಾನು ಅವರ ಎಲೆಗೆ ಎರಡು ಹೋಳಿಗೆ ಹಾಕಿದೆ.

"ಇರ್ಲಿ, ತುಪ್ಪ ಜರಾ ಹಾಕ್ರಿ."

ಮರುದಿನ ನನ್ನ ಚೀಟಿಯ ಕೆಳಗೆ ಅವರ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಜ್ವರ ನೋಡಲಿಲ್ಲ. ನಿಶ್ಚಯ ನೋಡಿದೆ. ಹೋಳಿಗೆ ಚೆನ್ನಾಗಿತ್ತು. ಸಂಬಳವಿಲ್ಲದ ಒಂದು ದಿನದ ರಜೆ ಮಂಜೂರು.' ಆ ಚೀಟಿಯನ್ನು ಇಡೀ ಶಾಲೆ ಓದಿತು. ಒಂದು ತಿಂಗಳು ನಾನು ಅವರ ಮುಖ ನೋಡಲಿಲ್ಲ. ಮೋಸಂಬಿಯನ್ನು ಮಾತ್ರ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದರು, ತಿಂದೆವು.

ಅದೇ ಹಟ ಕೆಲವರನ್ನು ಉಳಿಸಿದ್ದೂ ಉಂಟು. ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಕಲು ಮಾಡಿದಳೆಂದು ಐದು ಜನ ಶಿಕ್ಷಕರು ಬರೆದು ಸಹಿ ಹಾಕಿದರು. ಆ ಐವರಲ್ಲಿ ನಾನೂ ಒಬ್ಬ. ಆರನೆಯ ಸಹಿ ಇವರದಾಗಬೇಕಿತ್ತು. "ನಾ ಆ ಕೋಣಿಯೊಳಗ ಇದ್ದಿಲ್ಲರಿ. ನೀವು ಐದು ಮಂದಿ ಇದ್ರೇನು?" ಎಂದು ಕೇಳಿದರು. ಇದ್ದದ್ದು ಒಬ್ಬರೇ. ಉಳಿದ ನಾಲ್ವರು ಆ ಒಬ್ಬರ ಮಾತು ಕೇಳಿ ಸಹಿ ಹಾಕಿದ್ದೆವು. ಕಾಗದ ಅಲ್ಲಿಗೇ ಹರಿಯಿತು.

ಅವರ ನಿವೃತ್ತಿಯಾದ ಕೆಲವು ವರ್ಷಗಳಿಗೆ ನನ್ನದೂ ಆಯಿತು. ಅವರು ಊರ ಅಂಚಿನ ಮೈಲೂರಿನ ಮನೆಯಲ್ಲಿ ಬೆಳಿಗ್ಗೆ ಪೇಪರು, ಸಂಜೆ ನಡಿಗೆ, ಭಾನುವಾರ ಚರ್ಚು ಎಂದು ಹಾಯಾಗಿದ್ದರು. ನನಗೆ ಸುಮ್ಮನಿರುವ ವಿದ್ಯೆ ಬರುವುದಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟನೆಂದು, ಎರಡು ಕಂಪ್ಯೂಟರ್ ಇಟ್ಟುಕೊಂಡು, ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ತುಂಬಿಸುವ ಸಣ್ಣ ಕೇಂದ್ರ ತೆರೆದೆ. ಬೀದರಿನಲ್ಲಿ ಇಂಥದ್ದು ನಡೆಯುತ್ತದೆಯೇ ಎಂದು ನಕ್ಕವರೇ ಆಮೇಲೆ ಮಕ್ಕಳನ್ನು ಕರೆದುಕೊಂಡು ಬಂದರು.

ಆ ಅರ್ಜಿಯ ಗಮ್ಮತ್ತೇ ಬೇರೆ. ಅಲ್ಲಿಯವರಿಗೆ ಅಂಕವೊಂದೇ ಸಾಲದು. ಪಾಠದ ಹೊರಗೆ ಏನು ಮಾಡಿದೆ, ವಾರಕ್ಕೆ ಎಷ್ಟು ತಾಸು, ವರ್ಷಕ್ಕೆ ಎಷ್ಟು ವಾರ, ಯಾವುದರ ಮುಖಂಡನಾಗಿದ್ದೆ ಎಂದು ಕೇಳುವ ಹತ್ತು ಖಾನೆಗಳಿರುತ್ತವೆ. ನಮ್ಮಲ್ಲಿ ಪಾಠದ ಹೊರಗೆ ಮಕ್ಕಳು ಏನಾದರೂ ಮಾಡಿದರೆ ಬೆನ್ನಿಗೆ ಬೀಳುತ್ತಿತ್ತು. ವಾಲಿಬಾಲ್ ಆಡಿದ್ದಕ್ಕೆ ಮಗನನ್ನು ಬಡಿದಿದ್ದ ಅಪ್ಪನೇ ನನ್ನ ಮುಂದೆ ಕೂತು, "ಸರ್, ವಾಲಿಬಾಲ್ ಸರ್ಟಿಫಿಕೇಟ್ ಎಲ್ಲಿ ಸಿಗ್ತದರಿ?" ಎಂದು ಕೇಳಿದ್ದಾನೆ. ಖಾನೆ ಖಾಲಿ ಬಿಡಬಾರದೆಂದು ನಾನು ಏನೇನೋ ಕಟ್ಟುತ್ತಿದ್ದೆ. ಪರಿಸರ ಸಂಘ, ಸ್ವಚ್ಛತಾ ಬಳಗ, ಓದುಗರ ವೇದಿಕೆ. ಒಂದು ಬ್ಯಾನರು, ನಾಲ್ಕು ಜನ, ಒಂದು ಫೋಟೋ. ಮನೆಯಲ್ಲಿ ಒಂದು ಲೋಟ ತೊಳೆಯದವರು ನನ್ನ ಕೇಂದ್ರದಲ್ಲಿ ಸಂಸ್ಥಾಪಕ ಅಧ್ಯಕ್ಷರಾಗುತ್ತಿದ್ದರು.

ಹೀಗಿರುವಾಗ ಅನಿತಾ ಬಂದಳು. ತಂದೆಗೆ ಜನವಾಡದಲ್ಲಿ ಹೊಲ. ತಾಯಿ ಮರಾಠಿ ನಡೆಯುವ ಔರಾದ ಕಡೆಯವರು, ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹುಡುಗಿ ಪಿಯುಸಿಯಲ್ಲಿ ಮುಂಚೂಣಿ, ಮಾತು ಕಡಿಮೆ. ಓದು, ವಸತಿ, ಊಟ ಎಲ್ಲ ಕಾಲೇಜಿನವರೇ ನೋಡಿಕೊಳ್ಳುವ ಪೂರ್ತಿ ವಿದ್ಯಾರ್ಥಿವೇತನ ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಆ ಮಾತನ್ನೇ ಬಿಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಂಥ ವೇತನ ಕೊಡುವ ಆರು ಕಾಲೇಜು ಆರಿಸಿದೆವು. ಪಾಠದ ಹೊರಗೆ ಏನು ಮಾಡೀಯವ್ವಾ ಎಂದು ಕೇಳಿದರೆ "ಏನಿಲ್ರಿ ಸರ್" ಎಂದು ತಲೆ ತಗ್ಗಿಸಿದಳು. ನನಗೆ ಇಷ್ಟೇ ಸಾಕಾಗಿತ್ತು. ಪರಿಸರ ಸಂಘದ ಅಧ್ಯಕ್ಷೆಯನ್ನಾಗಿ ಮಾಡಿ, ನಮ್ಮ ಹಳೆಯ ಶಾಲೆಯ ಅಂಗಳದಲ್ಲಿ ಬೇವಿನ ಸಸಿ ನೆಡಿಸಿ, ಫೋಟೋ ಹೊಡೆಸಿದೆ. ಪಾಠದ ಹೊರಗಿನ ಕೆಲಸ ಕಂಡವರೊಬ್ಬರು ಆಕೆಯ ಬಗ್ಗೆ ಪತ್ರ ಬರೆಯಬೇಕಿತ್ತು. ಹತ್ತನೆಯ ತರಗತಿಯಲ್ಲಿದ್ದಾಗ ಆಕೆಗೆ ತಮ್ಮ ಮನೆಯಲ್ಲಿ ಗಣಿತ ಹೇಳಿಕೊಟ್ಟವರು ಇವರೇ. ಪತ್ರವನ್ನು ನಾನೇ ಬರೆದು, ಆಕೆಯನ್ನು ಕರೆದುಕೊಂಡು ಮೈಲೂರಿಗೆ ಹೋದೆ. ನಿಶ್ಚಯದ ಹೋಳಿಗೆ ತಿಂದವರು ಸಹಿ ಹಾಕುತ್ತಾರೆಂದು ಅದ್ಯಾವ ಧೈರ್ಯದಿಂದ ನಂಬಿದೆನೋ!

ಕನ್ನಡಕ ಒರೆಸಿಕೊಂಡರು, ಓದಿದರು, ಬೋರಲಿಟ್ಟರು. "ನಡೀರಿ, ಗಿಡಾ ನೋಡಿ ಬರೋಣ."

ಸಸಿ ನೆಟ್ಟು ಮೂರು ವಾರವಾಗಿತ್ತು. ಎಲೆಯೆಲ್ಲ ಉದುರಿ ಕಡ್ಡಿ ನಿಂತಿತ್ತು.

"ಇದಕ್ಕ ನೀರು ಯಾರು ಹಾಕ್ತಾರ?"

ಹುಡುಗಿಗಿಂತ ಮೊದಲು ನಾನೇ ಬಾಯಿ ಹಾಕಿದೆ. "ಫೋಟೋ ಅದರೀ ಸರ್."

"ಫೋಟೋಕ್ಕ ನೀರು ಬ್ಯಾಡ್ರಿ ಮಾಸ್ತರ. ಗಿಡಕ್ಕ ಬೇಕು."

ಅಲ್ಲೇ ನಳದ ಹತ್ತಿರ ಬಿದ್ದಿದ್ದ ಡಬ್ಬಿಯಲ್ಲಿ ನೀರು ತಂದು ಬುಡಕ್ಕೆ ಸುರಿದರು. ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ಆಕೆಯನ್ನು ಕೇಳತೊಡಗಿದರು.

"ಕಾಲೇಜು ಬಿಟ್ಟ ಮ್ಯಾಲ ಎಲ್ಲಿಗೆ ಹೋಗ್ತಿ?"

"ದವಾಖಾನಿಗ್ರಿ ಸರ್. ಅವ್ವನ ಡ್ಯೂಟಿ ಮುಗಿಯೋ ತನಕ ಕುಂದರ್ತೇನ್ರಿ."

"ಕುಂತು ಏನು ಮಾಡ್ತಿ?"

"ಏನಿಲ್ರಿ. ಔರಾದ ಕಡೆಯಿಂದ ಮರಾಠಿ ಮಂದಿ ಬರ್ತಾರ. ಗಡಿ ಆಚಿಂದ ತೆಲುಗು ಮಂದಿ ಬರ್ತಾರ. ಹೊಸ ಡಾಕ್ಟರಿಗೆ ಬರೇ ಕನ್ನಡ, ಇಂಗ್ಲಿಷ್ ಬರ್ತದ್ರಿ. ಅವರು ಅಂದಿದ್ದು ಇವರಿಗೆ, ಇವರು ಅಂದಿದ್ದು ಅವರಿಗೆ ಹೇಳ್ತೇನ್ರಿ."

"ಎಷ್ಟು ವರ್ಷಾತು?"

"ಏಳನೇ ಇಯತ್ತೆ ಇದ್ದಾಗಿಂದ್ರಿ."

ಅವರು ನನ್ನ ಕಡೆ ನೋಡಿದರು. ನಾನು ಬೇವಿನ ಕಡ್ಡಿಯ ಕಡೆ ನೋಡಿದೆ. ಆರು ತಿಂಗಳಿಂದ ಆ ಹುಡುಗಿ ನನ್ನ ಕೇಂದ್ರಕ್ಕೆ ಬರುತ್ತಿದ್ದಳು. ಒಮ್ಮೆಯೂ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಹತ್ತು ಖಾನೆ ತುಂಬಿಸುವ ಗದ್ದಲದಲ್ಲಿ ಎದುರಿಗೆ ಕೂತವಳ ಸಂಜೆಗಳು ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. "ಹಂಗಾದ್ರ ಅದನ್ನೇ ಬರೀರಿ ಸರ್, ದಸ್ಕತ್ತು ಮಾಡಿಬಿಡ್ರಿ" ಎಂದೆ.

"ನಾ ಇನ್ನಾ ನೋಡಿಲ್ಲಲ್ರಿ" ಎಂದರು.

ಮರುದಿನ ಸಂಜೆಯಿಂದ ಅವರ ನಡಿಗೆಯ ದಾರಿ ಆಸ್ಪತ್ರೆಯ ಕಡೆ ತಿರುಗಿತು. ಡಾಕ್ಟರನ್ನು ಕೇಳಿಕೊಂಡು, ಕೋಣೆಯ ಬಾಗಿಲಿನ ಹತ್ತಿರದ ಬೆಂಚಿನ ಮೇಲೆ ಕೂತರು. ಪ್ರಾಯದಲ್ಲಿ ಔರಾದ ತಾಲ್ಲೂಕಿನಲ್ಲಿ ಎಂಟು ವರ್ಷ ನೌಕರಿ ಮಾಡಿದ್ದರಿಂದ ಅವರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಇದು ಹುಡುಗಿಗೆ ಗೊತ್ತಿರಲಿಲ್ಲ. ಮುಂದಿನದನ್ನು ನಾನು ನೋಡಿಲ್ಲ. ಇಬ್ಬರ ಬಾಯಿಂದಲೂ ಬೇರೆಬೇರೆಯಾಗಿ ಕೇಳಿದ್ದು, ಎರಡೂ ತಾಳೆಯಾದದ್ದು.

ಮೂರನೆಯ ಸಂಜೆ ಔರಾದ ತಾಲ್ಲೂಕಿನ ಚಿಂತಾಕಿಯಿಂದ ಒಬ್ಬ ಮುದುಕಿ ಒಂಟಿಯಾಗಿ ಬಂದಿದ್ದಳು. ಸಕ್ಕರೆ ಕಾಯಿಲೆ, ಪಾದಕ್ಕೆ ಹುಣ್ಣಾಗಿ ಬೆರಳು ಕಪ್ಪಾಗಿದ್ದವು. ಡಾಕ್ಟರ್ ನೋಡಿ, ಬೆರಳು ಉಳಿಯುವುದಿಲ್ಲ, ನಾಳೆಯೇ ಮನೆಯವರನ್ನು ಕರೆದುಕೊಂಡು ಬಾ, ಕತ್ತರಿಸಬೇಕು, ತಡವಾದರೆ ಕಾಲೇ ಹೋಗುತ್ತದೆ ಎಂದರು. ಮುದುಕಿ ಅನಿತಾಳ ಕೈ ಹಿಡಿದುಕೊಂಡು, ಏನಂತಾರ ಮಗಳೇ ಎಂದು ಮುಖವನ್ನೇ ನೋಡುತ್ತಿದ್ದಳಂತೆ. ಅನಿತಾ ಮರಾಠಿಯಲ್ಲಿ ಹೇಳಿದಳು: ಗುಳಿಗೆ ಕೊಡ್ತಾರ ಆಯಿ, ಎಂಟು ದಿನ ಬಿಟ್ಟು ಮನಿಯವರ ಜೋಡಿ ಬಾ, ಏನೂ ಆಗಂಗಿಲ್ಲ.

ಮುದುಕಿ ಆಶೀರ್ವಾದ ಮಾಡಿ ಹೋದಳು. ಇವರು ಬೆಂಚಿನಿಂದ ಎದ್ದು ಹೋಗಿ ಅನಿತಾಳನ್ನು ಹೊರಗೆ ಕರೆದರು.

"ಡಾಕ್ಟರ್ ಅಂದಿದ್ದು ಏನು? ನೀ ಹೇಳಿದ್ದು ಏನು?"

ಆಕೆ ಅಳತೊಡಗಿದಳು. ಒಬ್ಬಾಕಿನೇ ಬಂದಿದ್ಳರಿ, ಕೈ ಹಿಡಕೊಂಡಿದ್ಳರಿ, ಬಾಯಿ ಬರಲಿಲ್ರಿ ಎಂದಳು. ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದರು. ಬಸ್ಸು ಹೋಗಿತ್ತು.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಇಬ್ಬರೂ ಔರಾದಿಗೆ, ಅಲ್ಲಿಂದ ಚಿಂತಾಕಿಗೆ ಹೋದರು. ಮನೆ ಸಿಕ್ಕಿದ ಮೇಲೆ ತಾವು ಹೊರಗೇ ಬೇವಿನ ಮರದ ಕೆಳಗೆ ನಿಂತರು. ಅನಿತಾ ಒಳಗೆ ಹೋಗಿ ಮುದುಕಿಯ ಮುಂದೆ, ಸೊಸೆಯ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿನ್ನೆ ಸುಳ್ಳು ಹೇಳಿದೆ ಎನ್ನುವುದನ್ನೂ ಹೇಳಿದಳು. ಮುದುಕಿ ಅಳಲಿಲ್ಲ, ಸಿಟ್ಟಾದಳು. "ಕಾಲು ನಂದು. ಹೇಳಾಕ ನಿನಗ್ಯಾಕ ಅಂಜಿಕಿ?" ಎಂದಳಂತೆ, ಆಕೆಯ ಮರಾಠಿಯಲ್ಲಿ. ಬೈದು ಮುಗಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಅಂದೇ ಸಂಜೆ ಮಗ, ಸೊಸೆ ಕರೆತಂದರು. ಮೂರು ಬೆರಳು ಹೋದವು, ಕಾಲು ಉಳಿಯಿತು.

ಇಷ್ಟಾದ ಮೇಲೆ ಅವರ ಪೆನ್ನು ಹೊರಬಂತು. ಒಂದು ಪುಟವೂ ಇಲ್ಲದ ಪತ್ರ. ಅವರ ಇಂಗ್ಲಿಷು ಅವರ ಗಣಿತದ ಹಾಗೆಯೇ, ಒಂದು ಹೆಜ್ಜೆ ಬಿಡುವಂತಿಲ್ಲ. ಕನ್ನಡದಲ್ಲಿ ಅದು ಹೀಗಾಗುತ್ತದೆ: 'ಈಕೆಯನ್ನು ನಾನು ಆಸ್ಪತ್ರೆಯಲ್ಲಿ ಐದು ಸಂಜೆ ನೋಡಿದ್ದೇನೆ. ಮರಾಠಿ, ತೆಲುಗು ಆಡುವ ರೋಗಿಗಳಿಗೂ ವೈದ್ಯರಿಗೂ ನಡುವೆ ನಿಂತು ಮಾತು ದಾಟಿಸುತ್ತಾಳೆ. ಮೂರನೆಯ ಸಂಜೆ ವೈದ್ಯರ ಒಂದು ಮಾತನ್ನು ರೋಗಿಗೆ ಹೇಳದೆ ಸುಳ್ಳು ಹೇಳಿದಳು. ಅದು ದೊಡ್ಡ ತಪ್ಪು. ಮರುದಿನ ಮೊದಲ ಬಸ್ಸಿಗೆ ಆ ರೋಗಿಯ ಊರಿಗೆ ಹೋಗಿ ನಿಜ ಹೇಳಿದಳು. ನಾನು ಜೊತೆಗಿದ್ದೆ. ನಾಲ್ಕನೆಯ, ಐದನೆಯ ಸಂಜೆ ಎಲ್ಲ ಮಾತನ್ನೂ ಸರಿಯಾಗಿ ಹೇಳಿದಳು. ಮುಂದೆ ಏನಾಗುತ್ತಾಳೆಂದು ನಾನು ನೋಡಿಲ್ಲ.'

ಓದಿದ್ದನ್ನು ಮತ್ತೊಮ್ಮೆ ಓದಿದೆ. ಊರೆಲ್ಲ ತಮ್ಮ ಮಕ್ಕಳನ್ನು ಹೊಗಳಿ ಎರಡೆರಡು ಪುಟ ಬರೆಸಿ ಕಳಿಸುತ್ತಾರೆ. ಇಲ್ಲಿ 'ಸುಳ್ಳು ಹೇಳಿದಳು' ಎಂದು ಗುರುಗಳೇ ಬರೆದುಕೊಟ್ಟಿದ್ದಾರೆ! "ಸರ್, ಆ ಒಂದು ಸಾಲು ತೆಗೀರಿ. ಹುಡುಗಿ ಬಾಳು ಅದ" ಎಂದು ಕೈ ಮುಗಿದೆ.

"ನೋಡಿದ್ದು ಬರ್ದೀನ್ರಿ."

"ನೋಡಿದ್ದೆಲ್ಲಾ ಬರೀಬೇಕಂತ ಅದೇನ್ರಿ?"

ಅವರು ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಬೋರಲಿಟ್ಟರು. ಆಮೇಲೆ, "ಅಕಿನ್ನ ಕರೀರಿ, ಓದಲಿ. ಬೆನ್ನ ಹಿಂದ ಬರಿಯೋ ಮನುಷ್ಯ ಅಲ್ಲ ನಾ. ಅಕಿ ಬ್ಯಾಡಂದ್ರ ಪತ್ರಾನೇ ಹರೀತೇನಿ. ಸಾಲು ತೆಗ್ಯಾಂಗಿಲ್ಲ" ಎಂದರು. ಇಂಥ ಪತ್ರವನ್ನು ಅರ್ಜಿದಾರರಿಗೆ ತೋರಿಸುವ ವಾಡಿಕೆ ಇಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಅನಿತಾ ನಿಂತುಕೊಂಡೇ ಎರಡು ಸಲ ಓದಿದಳು. ಕಿವಿ ಕೆಂಪಾಗಿದ್ದವು. ಕಾಗದವನ್ನು ಮೇಜಿನ ಮೇಲಿಟ್ಟು ಹೇಳಿದಳು: "ಇರ್ಲಿ ಬಿಡ್ರಿ ಸರ್. ಆ ಸಾಲು ತೆಗದ್ರ, ನಾ ಚಿಂತಾಕಿಗೆ ಯಾಕ ಹೋಗಿದ್ದೆ ಅಂತ ಅವರಿಗೆ ತಿಳಿಯಂಗಿಲ್ಲ."

ಆಗ ಅವರು ನಕ್ಕರು. ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಂಪ್ಯೂಟರಿನಲ್ಲಿ ಪತ್ರ ಕಳಿಸುವ ಗುಂಡಿಯನ್ನೂ ನನಗೆ ಒತ್ತಗೊಡಲಿಲ್ಲ. ಮೂರು ಸಲ ಓದಿ ನೋಡಿ, ಒಂದು ಬೆರಳಿನಿಂದ ತಾವೇ ಒತ್ತಿದರು. ಪರಿಸರ ಸಂಘದ ಖಾನೆಯನ್ನು ಅನಿತಾಳೇ ಅಳಿಸಿದಳು. ಆಸ್ಪತ್ರೆಯ ಕೆಲಸದ್ದೊಂದನ್ನು ಬಿಟ್ಟು ಹತ್ತರಲ್ಲಿ ಒಂಬತ್ತು ಖಾನೆ ಖಾಲಿ ಉಳಿದವು.

ವಸಂತದಲ್ಲಿ ಉತ್ತರಗಳು ಬರತೊಡಗಿದವು. ಇಲ್ಲ, ಇಲ್ಲ, ಇಲ್ಲ. ಐದನೆಯ 'ಇಲ್ಲ' ಬಂದ ದಿನ ನನ್ನ ತಲೆ ಕೆಟ್ಟಿತು. ಸೀದಾ ಮೈಲೂರಿಗೆ ಹೋಗಿ, ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದವರ ಮುಂದೆ ನಿಂತು, "ನಿಮ್ಮ ಆ ಸಾಲಿನ ಸಲುವಾಗಿ ಹುಡುಗಿ ಹಾಳಾದ್ಳರಿ" ಎಂದು ಕೂಗಾಡಿದೆ.

"ಆ ಸಾಲಿನ ಸಲುವಾಗಿ ಅಂತ ಅವರು ಬರ್ದಾರೇನ್ರಿ?"

"ಇಲ್ರಿ."

"ಹಂಗಾದ್ರ ನೀವು ನೋಡಿಲ್ಲ. ನೋಡದ್ದು ಹೇಳಬ್ಯಾಡ್ರಿ. ಕುಂದರ್ರಿ, ಚಹಾ ಕುಡೀರಿ."

ಕೂರಲಿಲ್ಲ. ಚಹಾವನ್ನೂ ಕುಡಿಯಲಿಲ್ಲ. ಆದರೆ ಬಸಿಯಲ್ಲಿ ಉಳಿದ ಚಹಾವನ್ನು ಅಂದು ಅವರೂ ಕುಡಿಯದೆ ಬದಿಗಿಟ್ಟದ್ದನ್ನು ನೋಡಿದೆ. ಅವರಿಗೂ ಭಯವಿತ್ತು.

ಹನ್ನೊಂದು ದಿನಕ್ಕೆ ಆರನೆಯ ಕಾಲೇಜಿನಿಂದ 'ಬಾ' ಎಂದು ಬಂತು, ಪೂರ್ತಿ ವೇತನದೊಂದಿಗೆ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಸ್ಕೂಟರ್ ಏರಿ ಹೋದೆ. "ಸರ್, ನಿಮ್ಮ ಪತ್ರಾ ಗೆದ್ದಿತ್ರಿ! ಆ ಸಾಲೇ ಗೆಲ್ಲಿಸಿತ್ರಿ!"

ಕನ್ನಡಕ ತೆಗೆದರು, ಒರೆಸಿಕೊಂಡರು. ಈ ಸಲ ಕಣ್ಣನ್ನೂ ಒರೆಸಿಕೊಂಡರು. "ಹಂಗಂತ ಅವರು ಬರ್ದಾರೇನ್ರಿ?"

"ಇಲ್ರಿ."

"ಹಂಗಾದ್ರ ಅದೂ ನೀವು ನೋಡಿಲ್ಲ" ಎಂದು ಒಳಗೆ ಹೋಗಿ ನನಗೆ ಚಹಾ ತಂದರು. ಬರಿಗಾಲಲ್ಲಿ ಕೂತು ಕುಡಿದೆ.

ಅನಿತಾ ಹೋದ ಎರಡನೆಯ ವರ್ಷ ಅವರಿಗೆ ಹೊಟ್ಟೆಯ ಬೇನೆ ಶುರುವಾಯಿತು. ಅದೇ ಆಸ್ಪತ್ರೆ. ಏನಾಗಿದೆ ಎಂದು ಡಾಕ್ಟರ್ ಬಳಸಿ ಬಳಸಿ ಹೇಳುತ್ತಿದ್ದಾಗ, ಅನಿತಾಳ ತಾಯಿಯನ್ನು ಕರೆದು, "ನೀವು ಹೇಳ್ರಿ ಸಿಸ್ಟರ್, ನೆಟ್ಟಗ ಹೇಳ್ರಿ" ಎಂದರು. ಆಕೆ ಹೇಳಿದರು. ಇವರು ತಲೆಯಾಡಿಸಿ ಥ್ಯಾಂಕ್ಸ್ ಎಂದರು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೊನೆಯ ವಾರ ನಾನೇ ಹತ್ತಿರವಿದ್ದೆ. ಒಂದು ದಿನ ತಡೆಯದೆ, "ಆರಾಮಾಗ್ತೀರಿ ಸರ್" ಎಂದುಬಿಟ್ಟೆ. ಮುಖ ಕಿವುಚಿಕೊಂಡು, ನೋವಿನ ನಡುವೆಯೇ, "ನೋಡೀರೇನ್ರಿ?" ಎಂದರು. ಇಬ್ಬರೂ ನಕ್ಕೆವು. ನಕ್ಕಿದ್ದಕ್ಕೆ ಅವರಿಗೆ ಇನ್ನಷ್ಟು ನೋವಾಯಿತು.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಅನಿತಾ ಫೋನ್ ಮಾಡಿದಳು. ತಾಯಿಯಿಂದ ಸುದ್ದಿ ತಿಳಿದಿತ್ತು. ಪರೀಕ್ಷೆ ಇದ್ದುದರಿಂದ ಬರಲಾಗಿರಲಿಲ್ಲ. ಯಾರು ಯಾರು ಬಂದಿದ್ದರು, ಪಾದ್ರಿಗಳು ಏನು ಹೇಳಿದರು ಎಂದೆಲ್ಲ ಕೇಳಿದಳು, ಹೇಳಿದೆ. ಆಮೇಲೆ ದನಿ ಸಣ್ಣದಾಯಿತು.

"ಸರ್... ಕಡೀಕ ಅವರಿಗೆ ತ್ರಾಸ ಆತೇನ್ರಿ?"

ಪರದೇಶದಲ್ಲಿ ಒಂಟಿಯಾಗಿರುವ ಹುಡುಗಿ. ಪರೀಕ್ಷೆ ಬೇರೆ. ಇಲ್ಲವ್ವಾ, ನಿದ್ದಿಯೊಳಗೇ ಹೋದ್ರು, ಏನೂ ಆಗಲಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಾರೂ ನನ್ನನ್ನು ತಪ್ಪೆನ್ನುತ್ತಿರಲಿಲ್ಲ. ನಾನು ಕನ್ನಡಕ ತೆಗೆದೆ. ಒರೆಸಿಕೊಂಡೆ.

"ಹೌದವ್ವಾ. ಎರಡು ದಿನ ಭಾಳ ತ್ರಾಸ ಆತು. ನಾ ಬಾಜೂಕೇ ಕುಂತಿದ್ದೆ. ನೋಡೀನಿ."

ಆ ಕಡೆ ಆಕೆ ಅತ್ತಳು. ನಾನು ಫೋನ್ ಇಡಲಿಲ್ಲ. ಬಹಳ ಹೊತ್ತಿನ ಮೇಲೆ, "ಚಲೋ ಆತ್ರಿ ಸರ್, ಹೇಳಿದ್ರಿ" ಎಂದಳು.